ಅಕ್ಕ ಕುಟ್ಟಿದ ಮಾತು

ಗುಡ್ಡ ಈರವ್ವನ ದನಿಯಲ್ಲಿ ಕೂಗಿದಾಗ ನಾನು ಅಂಗಳದಲ್ಲಿ ಕೌದಿ ಬಿಸಿಲಿಗೆ ಹಾಕುತ್ತಿದ್ದೆ. ಈರವ್ವ ನನ್ನ ಅಕ್ಕನ ಹಿರೀ ಮಗಳು. "ಯವ್ವಾ, ಬಾಯಿ ತಗೀಬೇ! ಏನ್ ಕುಟ್ಟಾಕತ್ತೀ, ಯಾರಿಗೂ ತಿಳೀವಲ್ದು! ಹಿಂಗ ಉಪಾಸ ಬಿದ್ದು ಸಾಯಾಕಿ ಏನ ನೀ?" ಎಂದಿತು ಗುಡ್ಡ. ಹಿಂದೆಯೇ ಅಳುವೂ ಬಂತು. ಓಣಿಯಲ್ಲಿ ಹೋಗುತ್ತಿದ್ದವರು ಒಂದು ಗಳಿಗೆ ನಿಂತರು, ನನ್ನ ಕಡೆ ನೋಡಿದರು, ಕೇಳದವರ ಹಾಗೆ ಮುಂದೆ ಹೋದರು. ನಮ್ಮೂರಲ್ಲಿ ಅದೇ ಮರ್ಯಾದೆ. ಈರವ್ವ ಹಾಗೆ ಕೂಗಿದ್ದು ನಿನ್ನೆ. ನಿನ್ನೆ ಆಡಿದ್ದನ್ನು ಗುಡ್ಡ ಇವತ್ತು ಅದೇ ಹೊತ್ತಿಗೆ, ಅದೇ ದನಿಯಲ್ಲಿ ಆಡುತ್ತದೆ. ಕೋಣೆಯ ಕದ ಹಾಕಿಕೊಂಡು ಪಿಸುಗುಟ್ಟಿದರೂ ಬಿಡುವುದಿಲ್ಲ.

ಇದಕ್ಕೆ ನಾವು ಹೊಂದಿಕೊಂಡವರು. ಬದನೆಕಾಯಿ ಮಾರುವವಳು ಸೋಮವಾರ ಒಂದು ಸಲ ಗಂಟಲು ಹರಿಯುವ ಹಾಗೆ ಕೂಗಿ, ಮಂಗಳವಾರ ಮರದ ಕೆಳಗೆ ಆರಾಮ ಕೂತಿರುತ್ತಾಳೆ. ಅವಳ ಪರವಾಗಿ ಗುಡ್ಡ ಕೂಗುತ್ತದೆ. ಹೊರಗಿನಿಂದ ಸಾಹೇಬರು ಬಂದು ರಸ್ತೆ ಮಾಡಿಸುತ್ತೇವೆ ಅಂದು ಹೋದರೆ, ಮರುದಿನ ಸಾಹೇಬರಿಲ್ಲದೆಯೇ ಆ ಮಾತು ಮತ್ತೆ ಕೇಳುತ್ತದೆ. "ಎರಡು ಸಲ ಹೇಳ್ಯಾರ್ರಪ್ಪ, ಇನ್ನ ಆಗಾಕಬೇಕು" ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಾರೆ. ಜಗಳ ಆಡುವ ಹೆಂಗಸರು ಇವತ್ತು ಬೈದು ನಾಳೆ ತಮ್ಮ ಬೈಗುಳ ತಾವೇ ಕೇಳಬೇಕಾಗುವುದರಿಂದ, ನಮ್ಮಲ್ಲಿ ಬೈಗುಳಗಳು ಸ್ವಲ್ಪ ನಾಜೂಕಾಗಿವೆ. ಒಟ್ಟಿನಲ್ಲಿ ನಾಲ್ಕು ಜನ ಕೇಳಬಹುದಾದ್ದಕ್ಕೆ ಬಾಯಿ, ಉಳಿದದ್ದಕ್ಕೆ ಕೈ. ಗುಡ್ಡಕ್ಕೆ ಬಾಯಿಯ ಮಾತು ಹಿಡಿಯುವುದು ಗೊತ್ತು, ಕುಟ್ಟಿದ ಸದ್ದು ಅದರ ಮೇಲೆ ನಿಲ್ಲುವುದಿಲ್ಲ.

ಆದ್ದರಿಂದ ಎಲ್ಲರ ಬಲಗೈ ಹೆಬ್ಬೆರಳಲ್ಲೂ ಒಂದು ಕಬ್ಬಿಣದ ಉಂಗುರ ಇರುತ್ತದೆ. ಒಂದು ಕುಟ್ಟು, ಒಂದು ಗೀರು, ಇವೆರಡೇ. ಉಂಗುರವನ್ನು ಕಲ್ಲಿನ ಮೇಲೆ ಟಕ್ ಎಂದರೆ ಕುಟ್ಟು, ಸರ್ರ್ ಎಂದು ಎಳೆದರೆ ಗೀರು. ಯಾವ ಅಕ್ಷರಕ್ಕೆ ಎಷ್ಟು ಕುಟ್ಟು ಎಷ್ಟು ಗೀರು ಎಂಬುದು ಊರಿಗೆಲ್ಲ ಒಂದೇ. ನಾನು ಶಾಲೆಗೆ ಹೋದದ್ದು ಒಂದು ಮಳೆಗಾಲ ದಾಟುವಷ್ಟು, ಪಾಟಿಯ ಮೇಲಿನ ಅಕ್ಷರ ಈಗಲೂ ನನಗೆ ಹುಳದ ಹಾಗೆ ಕಾಣುತ್ತವೆ. ಆದರೆ ಕಿವಿಯಲ್ಲಿ ಬಂದ ಅಕ್ಷರ ಒಂದೂ ತಪ್ಪುವುದಿಲ್ಲ.

ಅಕ್ಷರ ಊರಿಗೆಲ್ಲ ಒಂದೇ ಆದರೆ ಪಕ್ಕದ ಮನೆಯವರಿಗೆ ತಿಳಿಯುವುದಿಲ್ಲವೇ? ಅದಕ್ಕೇ ಮೆಟ್ಟಿಲು. ಒಂದೊಂದು ಮನೆಗೆ ಒಂದೊಂದು ಮೆಟ್ಟಿಲು. ಮೂರು ಮೆಟ್ಟಿಲಿನ ಮನೆಯವರು ಕ ಎನ್ನಬೇಕಾದಲ್ಲಿ ಮೂರು ಮುಂದೆ ಹೋಗಿ ಘ ಕುಟ್ಟುತ್ತಾರೆ. ಕೇಳುವವರು ಮೂರು ಹಿಂದೆ ಇಳಿದು ತಿಳಿದುಕೊಳ್ಳುತ್ತಾರೆ. ಅ ಆ ಇ ಈ ಸಾಲಿನ ಸ್ವರಗಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ, ಅವು ಇದ್ದ ಹಾಗೇ ಇರುತ್ತವೆ. ಬೆರಳು ಹತ್ತೇ ಇರುವುದರಿಂದ ಹತ್ತು ಮೆಟ್ಟಿಲಿನ ಮೇಲೆ ಯಾರೂ ಏರಿದವರಿಲ್ಲ. ಇದು ಮಗುವಿಗೆ ಮೊದಲು ಕಷ್ಟ, ಆಮೇಲೆ ನಡಿಗೆಯ ಹಾಗೆ. ಪರರ ಮನೆಯ ಕುಟ್ಟು ಕಿವಿಗೆ ಬೀಳುವುದು ತಪ್ಪಲ್ಲ, ಕೂತು ಅದನ್ನು ಬಿಚ್ಚುವುದು ತಪ್ಪು. ಬಿಚ್ಚಿದವರ ಮನೆಗೆ ಯಾರೂ ನೀರು ಕುಡಿಯಲು ಹೋಗುವುದಿಲ್ಲ.

ಇನ್ನೊಂದು ಪದ್ಧತಿ ಇದೆ. ಮಗಳು ಮದುವೆಯಾಗಿ ಹೊರಟಾಗ ತವರಿನ ಹೊಸ್ತಿಲ ಮೇಲೆ ಉಂಗುರವನ್ನು ತಿಕ್ಕಿ, ಅರಿಶಿನದ ನೀರಲ್ಲಿ ತೊಳೆದು, ಆ ಮನೆಯ ಮೆಟ್ಟಿಲನ್ನು ಅಲ್ಲೇ ಬಿಟ್ಟು ಹೋಗುತ್ತಾಳೆ. ಅವಳು ಓಣಿ ತಿರುಗುವುದರೊಳಗೆ ತವರಿನವರು ಮೆಟ್ಟಿಲು ಬದಲಿಸಿಬಿಡುತ್ತಾರೆ. ಸಂಜೆ ಗಂಡನ ಮನೆಯಲ್ಲಿ ಅತ್ತೆ ಹೊಸದನ್ನು ಕಲಿಸುತ್ತಾಳೆ. ಆಮೇಲೆ ಮಗಳು ಹಬ್ಬಕ್ಕೆ ತವರಿಗೆ ಬಂದರೆ ತಾಯಿ ಒಳಗೆ ಕುಟ್ಟಿದ್ದು ಅವಳಿಗೆ ಬರೀ ಸದ್ದು. ಹಾಗೆ ಕೂತ ಹೆಣ್ಣುಮಕ್ಕಳನ್ನು ನೀವು ನೋಡಬೇಕು. ಮುಖದಲ್ಲಿ ಏನೂ ಇರುವುದಿಲ್ಲ, ಕೈ ಮಾತ್ರ ಸೆರಗಿನ ತುದಿ ಸುತ್ತುತ್ತಿರುತ್ತದೆ.

ನನ್ನ ಅಕ್ಕ ಮುರಿಗೆವ್ವ. ನಾವಿಬ್ಬರೂ ಇದೇ ಊರಿನ ಹೆಣ್ಣುಮಕ್ಕಳು, ಇದೇ ಊರಿನ ಸೊಸೆಯರು. ಅವಳು ಊರ ಅಗಸೆಬಾಗಿಲ ಹತ್ತಿರದ ಓಣಿಗೆ ಹೋದಳು, ನಾನು ಸುಣ್ಣದ ಭಟ್ಟಿಯವರ ಮನೆಗೆ ಬಂದೆ. ಜೋಳದ ಕಾಳು ಕಟ್ಟುವ ಕಾಲದಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಎಡಗಡೆ ಪೂರಾ ಹೋಯಿತು, ನಾಲಿಗೆ ಹೋಯಿತು, ಬಲಗೈ ಉಳಿಯಿತು. ನಾನು ಹೋಗಿ ನೋಡಿ ಬಂದೆ. ಆಗ ಅವಳು ಮಂಚದ ಪಟ್ಟಿಯ ಮೇಲೆ ತನ್ನ ಮನೆಯ ಮೆಟ್ಟಿಲಲ್ಲಿ ಏನೋ ಕುಟ್ಟಿದಳು, ಸೊಸೆ ಕಸ್ತೂರೆವ್ವ "ಸಣ್ಣತ್ತಿಗೆ ಚಾ ಕೊಡು ಅಂತಾರ" ಎಂದಳು. ಅಷ್ಟು ಸಾಕು, ಕೈ ಇದ್ದರೆ ಮಾತು ಇದ್ದ ಹಾಗೆ ಎಂದು ನಾನು ಸಮಾಧಾನವಾಗಿ ಮನೆಗೆ ಬಂದಿದ್ದೆ.

ಈಗ ಗುಡ್ಡ ಬೇರೆ ಹೇಳಿತು. ನಾನು ಕೌದಿ ಅಲ್ಲೇ ಬಿಟ್ಟು ಹೊರಟೆ.

ಬಾಗಿಲಲ್ಲಿ ಕಸ್ತೂರೆವ್ವ ನಿಂತಿದ್ದಳು. ಸೊರಗಿದ್ದಳು. "ಬರ್ರಿ ಸಣ್ಣತ್ತಿ. ಗುಡ್ಡ ಹೇಳಿತೇನ್ರಿ?"

"ಹೇಳಿತು."

"ಊರಿಗೆಲ್ಲಾ ಕೇಳಿರಬೇಕು."

"ಕಿವಿ ಇದ್ದವರಿಗೆ ಕೇಳಿರತೈತಿ. ಕಾಲಿಗೆ ನೀರು ಕೊಡು."

ಒಳಗೆ ಅಕ್ಕನ ಮೂರೂ ಹೆಣ್ಣುಮಕ್ಕಳು ಮಂಚದ ಸುತ್ತ ಕೂತಿದ್ದರು. ಹಿರಿಯವಳು ಈರವ್ವ, ನಡುವಿನವಳು ಬಾಳವ್ವ, ಕಿರಿಯವಳು ಸಾವಂತ್ರೆವ್ವ. ಮಗ ಗದಿಗೆಪ್ಪ ಗೋಡೆಗೆ ಒರಗಿ ನಿಂತಿದ್ದ. ಅವನು ಹಿಟ್ಟಿನ ಗಿರಣಿ ನಡೆಸುತ್ತಾನೆ, ರೆಪ್ಪೆಯ ಮೇಲೂ ಹಿಟ್ಟು. ಮಂಚದ ಮೇಲೆ ಅಕ್ಕ ಇನ್ನೂ ಸಣ್ಣಗಾಗಿದ್ದಳು. ಕಣ್ಣು ಮಾತ್ರ ಚುರುಕಾಗಿ ಒಬ್ಬೊಬ್ಬರ ಮುಖ ಹುಡುಕುತ್ತಿತ್ತು, ಸಿಗಬೇಕಾದವರು ಸಿಗದ ಹಾಗೆ. ನನ್ನ ಮುಖಕ್ಕೂ ಬಂದು, ದಾಟಿ ಹೋಯಿತು.

ಎಲ್ಲರೂ ಬಾಯಿಂದಲೇ ಮಾತಾಡುತ್ತಿದ್ದರು. "ಕುಟ್ಟಿ ಮಾತಾಡ್ರಿ" ಎಂದೆ.

"ಇನ್ನ ಏನ್ ಮುಚ್ಚೂದೈತಿ ಚಿಗವ್ವ" ಎಂದಳು ಈರವ್ವ. "ನಿನ್ನೆ ನಾನ ಊರಿಗೆ ಡಂಗುರಾ ಹೊಡದೀನಿ. ನಾಳೆ ಇದನ್ನೂ ಕೇಳ್ಲಿ."

ನಡೆದದ್ದನ್ನು ಅವರು ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಹೇಳಿದರು. ಮೊದಲು ಅಕ್ಕ ಈಗಿನ ಮೆಟ್ಟಿಲಲ್ಲೇ ಕುಟ್ಟುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ಕಸ್ತೂರೆವ್ವನಿಗೂ ಗದಿಗೆಪ್ಪನಿಗೂ ಏನೂ ತಿಳಿಯದಾಯಿತು. ಮನೆಯಲ್ಲೇ ಉಳಿದವನಿಗೆ ಹಳೆಯ ಮೆಟ್ಟಿಲಿನ ಮೇಲೆ ಹೊಸದು ಕೂತು ಹಿಂದಿನದೆಲ್ಲ ಅಳಿಸಿತ್ತು. ಕಿರಿಯವಳನ್ನು ಕರೆಸಿದರು.

"ಬಂದು ಕುಂತ್ನಿ ನೋಡು, ಎಲ್ಲಾ ತಿಳೀತು!" ಎಂದಳು ಸಾವಂತ್ರೆವ್ವ. "ನಾ ಲಗ್ನಾಗಿ ಹೋದಾಗಿನ ಮೆಟ್ಟಿಲಾಗ ಕುಟ್ಟಾಕತ್ತಿದ್ಲು. ಬಳಿಗಾರ ಬಂದಾನೇನ, ಸಾವಂತ್ರಿಗೆ ಹಸರ ಬಳಿ ಇಡಸ್ರಿ ಅಂದ್ಲು. ನನ್ನ ಮ್ಯಾಲ ಆಕಿಗೆ ಮೊದಲಿಂದಾನೂ ಜೀವ."

"ಜೀವ ಅಲ್ಲ, ಹತ್ತರದ ನೆನಪು ಅಷ್ಟ" ಎಂದಳು ಬಾಳವ್ವ. "ನಾಕ ದಿನಕ್ಕ ನಿನಗೂ ತಿಳೀಲಿಲ್ಲಲ್ಲ? ಆವಾಗ ನನ್ನ ಕಾಲಕ್ಕ ಇಳದ್ಲು ಚಿಗವ್ವ. ಕರಾ ಕಟ್ಟಿದೇನ ಬಾಳಿ ಅಂದ್ಲು. ಆ ಕರಾ ಆಕಳಾಗಿ, ಮುದುಕ್ಯಾಗಿ ಸತ್ತು, ಅದರ ಮೊಮ್ಮಗಳು ನಮ್ಮನ್ಯಾಗ ಹಾಲು ಕೊಡಾಕತ್ತೈತಿ! ಕಟ್ಟೀನಬೇ ಅಂತ ಕುಟ್ಟಿದ್ನಿ. ಎಷ್ಟ ಸಮಾಧಾನ ಆತು ಆಕಿಗೆ."

ಆಮೇಲೆ ಈರವ್ವನ ಸರದಿ. ಅವಳ ಮೆಟ್ಟಿಲಿಗೆ ಇಳಿದಾಗ ಅಕ್ಕ, ತಲೆಗೆ ಎಣ್ಣೆ ಹಚ್ಚುತ್ತೇನೆ ಬಾ ಎಂದು ಕುಟ್ಟುತ್ತಿದ್ದಳಂತೆ. ಈರವ್ವ ತನ್ನ ನರೆತ ತಲೆಯನ್ನು ತಾಯಿಯ ಬಲಗೈಯ ಕೆಳಗೆ ಇಟ್ಟುಕೊಂಡು ಒಂದು ಮಧ್ಯಾಹ್ನ ಪೂರಾ ಕೂತಿದ್ದಳಂತೆ. ಇದನ್ನು ಅವಳು ಹೇಳಲಿಲ್ಲ, ಕಸ್ತೂರೆವ್ವ ಹೇಳಿದಳು. ಅದಾದ ಮೇಲೆ ಈರವ್ವನಿಗೂ ತಿಳಿಯದ ಕಡೆ ಅಕ್ಕ ಹೋಗಿಬಿಟ್ಟಳು. ಅವತ್ತಿನಿಂದಲೇ ಊಟ ಬಿಟ್ಟದ್ದು. ನೀರು ಕುಡಿಯುತ್ತಾಳೆ. ತುತ್ತು ತಂದರೆ ತುಟಿ ಬಿಗಿಹಿಡಿದು, ಪಟ್ಟಿಯ ಮೇಲೆ ಒಂದೇ ಮಾತು ಕುಟ್ಟುತ್ತಾಳೆ. ಉತ್ತರ ಸಿಗದಿದ್ದರೆ ಮತ್ತೆ ಅದೇ.

"ಅದು ಅತ್ತಿ ಕಾಲದ ಮೆಟ್ಟಿಲು" ಎಂದಳು ಈರವ್ವ. "ನಮ್ಮಜ್ಜಿ, ಅಂದ್ರ ಆಕಿ ಅತ್ತಿ, ಈ ಮನ್ಯಾಗ ಇದ್ದಾಗಿಂದು. ಅದನ್ನ ಬಲ್ಲವರು ಒಬ್ಬರೂ ಉಳದಿಲ್ಲ. ಸೋದರತ್ತಿ ಇದ್ಲು, ಆಕಿನೂ ಹ್ವಾದ ವರ್ಸ ಹೋದ್ಲು."

"ಬಲ್ಲವರು ಯಾಕ ಬೇಕು, ಬೆರಳು ಇಲ್ಲೇನು?" ಎಂದ ಗದಿಗೆಪ್ಪ. "ಹತ್ತೂ ಮೆಟ್ಟಿಲು ಇಳಿಸಿ ನೋಡೀನಿ ಚಿಗವ್ವ. ಮೆಟ್ಟಿಲಿಲ್ಲದ ಕೇಳಿದ್ರ 'ಅಚ್ಚ ಉಂಫಿ' ಅಂತೈತಿ. ಒಂದು ಇಳಿಸಿದ್ರ ಮತ್ತೊಂದು ಥರಾ. ಯಾವದರಾಗೂ ಮನಷ್ಯಾರ ಮಾತು ಬರವಲ್ದು. ನನಗ ಅನಸ್ತೈತಿ, ಆಕಿ ಏನೂ ಹೇಳಾಕತ್ತಿಲ್ಲ. ಕೈ ತನ್ನಷ್ಟಕ್ಕ ಆಡಾಕತ್ತೈತಿ."

ಡಾಕ್ಟರು ಬಂದು ನೋಡಿ ಹೋಗಿದ್ದರು. ಉಣ್ಣದಿದ್ದರೆ ದೊಡ್ಡೂರಿಗೆ ಕರೆತನ್ನಿ, ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ ಎಂದಿದ್ದರಂತೆ. ಗದಿಗೆಪ್ಪ ಮರುದಿನ ಮುಂಜಾನೆಗೆ ಗಾಡಿ ಹೇಳಿಬಿಟ್ಟಿದ್ದ. ಈರವ್ವನಿಗೆ ಅದು ಬೇಡ. ನಳಿಗೆ ಹಾಕುವವರು ಕೈ ಕಟ್ಟುತ್ತಾರೆ, ಕೀಳಬಾರದೆಂದು. ಅವಳು ಬೇರೆಯವರ ಮನೆಯಲ್ಲಿ ನೋಡಿದ್ದಾಳೆ. "ನಾಲಿಗಿ ದೇವ್ರು ಒಯ್ದ, ಕೈ ನೀ ಕಟ್ಟಸ್ತಿ" ಎಂದು ತಮ್ಮನಿಗೆ ಹೇಳಿದಳು. ಅವನು, "ಮತ್ತ ಉಪಾಸ ಸಾಯಸೂನೇನು? ಹೇಳಬೇಕಲ್ಲ ನೀನ" ಎಂದ. ಇಬ್ಬರೂ ನನ್ನ ಕಡೆ ನೋಡಿದರು. ನಾನು ಅಂಥದ್ದನ್ನೆಲ್ಲ ತೀರ್ಮಾನ ಮಾಡುವವಳಲ್ಲ. ಮಂಚದ ಹತ್ತಿರ ನೆಲಕ್ಕೆ ಕೂತೆ.

"ಒಂದು ಸಲ ಉಣಸು, ನೋಡೂನು" ಎಂದು ಕಸ್ತೂರೆವ್ವನಿಗೆ ಹೇಳಿದೆ.

ಅವಳು ಮೆತ್ತಗೆ ಕಲಸಿದ ನುಚ್ಚು, ಬೇಳೆ ಸಾರು ತಂದಳು. ತುತ್ತು ಬಾಯಿಯ ಹತ್ತಿರ ಹೋಯಿತು. ಅಕ್ಕ ತುಟಿ ಮುಚ್ಚಿ, ಕಸ್ತೂರೆವ್ವನ ಮುಖವನ್ನೇ ನೋಡುತ್ತ ಕುಟ್ಟಿದಳು. ಗದಿಗೆಪ್ಪ ಹೇಳಿದ್ದು ಸರಿ, ಅಕ್ಷರ ಅವೇ. ಆದರೆ ಅವನು ಅಕ್ಷರ ಹೇಳಿದ್ದ, ಓಟ ಹೇಳಿರಲಿಲ್ಲ. ಮೊದಲಿನ ಮಾತು ಮುಗಿದ ಮೇಲೆ ಒಂದು ಸಣ್ಣ ತಡೆ, ಆಮೇಲೆ ಎರಡನೆಯದು ಅವಸರದಲ್ಲಿ, ಕೊನೆಯ ಕುಟ್ಟು ಮೇಲಕ್ಕೆ ಎತ್ತಿ ಬಿಟ್ಟ ಹಾಗೆ. ಅದು ಕೈ ತನ್ನಷ್ಟಕ್ಕೆ ಆಡುವ ಓಟವಲ್ಲ. ಯಾರನ್ನೋ ಕರೆದು, ಏನೋ ಕೇಳುವ ಓಟ.

ನಾನು ಇನ್ನೊಂದು ಸಲ ಕೇಳಿದೆ. ಮತ್ತೊಂದು ಸಲ ಕೇಳಿದೆ. ಅಚ್ಚ. ಈ ಮಾತನ್ನು ನಾನೂ ಕುಟ್ಟಿದ್ದೇನೆ ಎನಿಸಿತು. ಬಾಯಿಂದ ಆಡಿದ್ದಲ್ಲ, ಕುಟ್ಟಿದ್ದು. ಉಂಗುರ ದೊಡ್ಡದಾಗಿ ಬೆರಳಿಂದ ಜಾರುತ್ತಿದ್ದ ಕಾಲದಲ್ಲಿ, ಒಳಗೆ ನೂಲು ಇಟ್ಟು ಬಿಗಿ ಮಾಡಿಕೊಂಡು ಕುಟ್ಟಿದ್ದು.

ನಮ್ಮ ತವರಲ್ಲಿ ಆಗ ಮೆಟ್ಟಿಲು ಏರುವುದಿರಲಿಲ್ಲ. ನಮ್ಮದು ತಿರುವಿ ಹಾಕುವ ಮನೆ. ಮೊದಲಿನ ಅಕ್ಷರಕ್ಕೆ ಕಡೆಯದು, ಕಡೆಯದಕ್ಕೆ ಮೊದಲಿನದು. ಕ ಎನ್ನಲು ಳ ಕುಟ್ಟಬೇಕು, ಖ ಎನ್ನಲು ಹ. ಹಾಗೆ ಎರಡೂ ತುದಿಯಿಂದ ಒಳಗೆ ಬರುತ್ತ ಹೋದರೆ ವ ಬಂದಲ್ಲಿ ಚ ಇರುತ್ತದೆ, ಡ ಬಂದಲ್ಲಿ ಫ. ಅಕ್ಕ ಮದುವೆಯಾಗಿ ಹೋದ ದಿನವೇ ಅವ್ವ ಅದನ್ನು ಬಿಟ್ಟು, ನನ್ನನ್ನೂ ಅಣ್ಣನನ್ನೂ ಕೂರಿಸಿಕೊಂಡು, ಎಲ್ಲರ ಹಾಗೆ ಮೆಟ್ಟಿಲು ಏರುವುದನ್ನು ಕಲಿಸಿದಳು. ಆಮೇಲೆ ಎಷ್ಟೋ ಬದಲಾದವು. ಅಣ್ಣ ತೀರಿದ ಮೇಲೆ ಆ ಮನೆಯೂ ಬಿತ್ತು, ಅದರ ಕಲ್ಲು ಒಯ್ದು ಶಾಲೆಯ ಗೋಡೆಗೆ ಹಾಕಿದರು.

"ತಿಳೀತೇನ್ರಿ ಸಣ್ಣತ್ತಿ?" ಕಸ್ತೂರೆವ್ವ ನನ್ನ ಮುಖ ನೋಡಿ ಕೇಳಿದಳು.

"ತಿಳೀತು."

"ಯಾವ ಮೆಟ್ಟಿಲು?" ಎಂದ ಗದಿಗೆಪ್ಪ.

"ಈ ಮನೀದಲ್ಲ."

ಈರವ್ವ, "ತವರಮನೀದಾ?" ಎಂದಳು, ಕೇಳಬಾರದ್ದು ಕೇಳಿದ ಹಾಗೆ ದನಿ ಇಳಿಸಿ. "ಅದೆಂಗ ಆಕೈತಿ ಚಿಗವ್ವ? ಅದನ್ನ ಹೊಸ್ತಿಲ ಮ್ಯಾಲ ತಿಕ್ಕಿ ಬಿಟ್ಟು ಬಂದಿರ್ತಾಳಲ್ಲ."

"ನೀನೂ ತಿಕ್ಕಿ ಹೋಗೀದಿ, ನಾನ ನೋಡೀನಿ. ಅರಿಷಿಣದ ನೀರು ಹಾಕಿದಾಕಿ ನಾನ. ಮತ್ತ ಮೊನ್ನೆ ನಿಮ್ಮವ್ವ ನಿನ್ನ ಕಾಲದ ಮೆಟ್ಟಿಲಾಗ ಕುಟ್ಟಿದ್ಲಲ್ಲ, ಅದು ನಿನಗ ಹೆಂಗ ತಿಳೀತು?"

ಈರವ್ವ ಬಾಳವ್ವನ ಕಡೆ ನೋಡಿದಳು. ಬಾಳವ್ವ ಸಾವಂತ್ರೆವ್ವನ ಕಡೆ ನೋಡಿದಳು. ಇಷ್ಟು ದಿನ ಮೂವರೂ ಬಿಟ್ಟುಹೋದ ಮೆಟ್ಟಿಲಲ್ಲೇ ತಾಯಿಯೊಡನೆ ಮಾತಾಡಿದ್ದರು, ನನ್ನ ಕಾಲ ನಿನ್ನ ಕಾಲ ಎಂದು ಪೈಪೋಟಿ ಮಾಡಿದ್ದರು. ತಾವು ಮರೆತಿಲ್ಲ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ತಾಯಿ ಮರೆತಿದ್ದಾಳೆ ಎಂದೇ ನಂಬಿದ್ದರು. ನಾನೂ ಮನೆಯಿಂದ ಹೊರಡುವಾಗ ಹಾಗೇ ನಂಬಿದ್ದೆ.

"ಇರ್ಲಿ" ಎಂದ ಗದಿಗೆಪ್ಪ. "ಏನಂತಾಳ ಹೇಳು."

"ಅವ್ವ, ಉಂಡಿ? ಅಂತ ಕೇಳಾಕತ್ತಾಳ."

"ಯಾರನ್ನ?"

"ನಮ್ಮವ್ವನ್ನ."

"ಆ ಅಜ್ಜಿ ಹೋಗಿ ಯಾವ ಕಾಲಾತು!" ಎಂದಳು ಬಾಳವ್ವ.

"ನಿನ್ನ ಕರಾನೂ ಹೋಗೇತಿ. ಕಟ್ಟೀನಿ ಅಂದಿಯಲ್ಲ."

ಸಾವಂತ್ರೆವ್ವ ಕಿಸಕ್ಕೆಂದು ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗಂಡನ ಮನೆಯ ಸೂರಿನ ಕೆಳಗೆ ತವರಿನ ಕುಟ್ಟು ಕುಟ್ಟಬಾರದು ಎಂಬ ಮಾತಿದೆ. ಕುಟ್ಟಿದರೆ ತವರಿನ ಗೋಡೆ ಬಿರುಕು ಬಿಡುತ್ತದಂತೆ. ನಮ್ಮ ತವರಿನ ಗೋಡೆಯ ಕಲ್ಲು ಶಾಲೆಗೆ ಹೋಗಿ ಆಗಿದೆ, ಇನ್ನು ಬಿರುಕು ಬಿಡುವುದೇನು? ಆದರೂ ಉಂಗುರವನ್ನು ಪಟ್ಟಿಯ ಮೇಲೆ ಇಡುವಾಗ ಕೈ ಸ್ವಲ್ಪ ತಡೆಯಿತು. ಆಮೇಲೆ ಕುಟ್ಟಿದೆ. ಉಂಡೀನಿ. ತಿರುವಿ ಹಾಕಿದರೆ ಉಂಫೀಣಿ.

ಅಕ್ಕನ ಕೈ ನಿಂತಿತು. ಸುತ್ತಾಡುತ್ತಿದ್ದ ಕಣ್ಣು ನನ್ನ ಮೇಲೆ ಬಂದು ಕೂತಿತು. ಕಸ್ತೂರೆವ್ವ ತುತ್ತು ಮುಂದೆ ಹಿಡಿದಳು. ಅಕ್ಕ ತುಟಿ ಬಿಚ್ಚಲಿಲ್ಲ. ನನ್ನನ್ನೇ ನೋಡುತ್ತ ಮತ್ತೆ ಕುಟ್ಟಿದಳು. ಅವ್ವ, ಉಂಡಿ?

ಉಂಡೀನಿ, ನೀ ಉಣ್ಣು ಎಂದು ಕುಟ್ಟಿದೆ. ಅದೇ ಪ್ರಶ್ನೆ ಬಂತು, ಈ ಸಲ ಜೋರಾಗಿ. ಇನ್ನೊಂದು ಸಲ ಹೇಳಿದೆ. ಇನ್ನೊಂದು ಸಲ ಅವಳೂ ಕೇಳಿದಳು. ಪಟ್ಟಿಯ ಮೇಲೆ ಬಣ್ಣ ಸುಲಿದು ಗೀರು ಬಿದ್ದಿತ್ತು.

"ಸಾಕು ಬಿಡು ಚಿಗವ್ವ" ಎಂದ ಗದಿಗೆಪ್ಪ. "ತಿಳದ್ರೂ ಅಷ್ಟ, ತಿಳೀದಿದ್ರೂ ಅಷ್ಟ. ಗಾಡಿ ಹೇಳೀನಿ, ಮುಂಜಾನೆ ಹೊಂಡೂದ ಚಲೋ." ಈರವ್ವ ಈ ಸಲ ಎದ್ದು, ತಾಯಿಯ ಸೀರೆ ಮಡಿಸಲು ಹೋದಳು. ಗಾಡಿಗೆ ತಯಾರಿ.

ಆಗ ಅಕ್ಕ ನನ್ನ ಬಲಗೈ ಹಿಡಿದಳು. ಹಿಡಿತದಲ್ಲಿ ಬಲವಿತ್ತು. ಕೈಯನ್ನು ತನ್ನ ಮುಖದ ಹತ್ತಿರ ಎಳೆದುಕೊಂಡಳು. ಮುದ್ದು ಕೊಡುತ್ತಾಳೆ ಎಂದುಕೊಂಡ ಸಾವಂತ್ರೆವ್ವನ ಕಣ್ಣಲ್ಲಿ ನೀರು ಬಂತು. ಅಕ್ಕ ಮುದ್ದು ಕೊಡಲಿಲ್ಲ. ನನ್ನ ಬೆರಳ ತುದಿಗಳನ್ನು ಮೂಗಿಗೆ ಹಿಡಿದು ಮೂಸಿದಳು. ಒಂದೊಂದೇ ಬೆರಳು. ಮೂಸಿ, ಕೈಯನ್ನು ಆಚೆ ತಳ್ಳಿ, ಮುಖ ಗೋಡೆಗೆ ತಿರುಗಿಸಿದಳು.

ಒಂದು ವರ್ಷ ನಮ್ಮ ತವರಲ್ಲಿ ಕಾಳು ಇರಲಿಲ್ಲ. ಅಪ್ಪ ಕೆಲಸಕ್ಕೆಂದು ಕೆಳಗಿನ ಊರುಗಳಿಗೆ ಹೋಗಿದ್ದ. ಅವ್ವ ನಮಗೆ ಬಡಿಸಿ, ತಾನು ಒಲೆಯ ಕಡೆ ಮುಖ ಮಾಡಿ ಪಾತ್ರೆ ಸದ್ದು ಮಾಡುತ್ತಿದ್ದಳು. ಅಕ್ಕ ನೆಲಕ್ಕೆ ಕುಟ್ಟಿ ಕೇಳುತ್ತಿದ್ದಳು, ಅವ್ವ, ಉಂಡಿ? ಬಾಯಿಂದ ಕೇಳುವ ಹಾಗಿರಲಿಲ್ಲ. ಕೇಳಿದರೆ ಮರುದಿನ ಗುಡ್ಡ ಊರೆದುರು ಕೇಳುತ್ತಿತ್ತು, ಆ ಮನೆಯ ಹೆಂಗಸು ಉಂಡಳೋ ಇಲ್ಲವೋ ಎಂದು. ಅವ್ವ ತಿರುಗಿ ನೋಡದೆ ಉಂಡೀನಿ ಎಂದು ಕುಟ್ಟುತ್ತಿದ್ದಳು. ಅಕ್ಕ ಎದ್ದು ಹೋಗಿ ಅವ್ವನ ಕೈ ಹಿಡಿದು ಮೂಸುತ್ತಿದ್ದಳು. ಉಂಡ ಕೈ ಎಷ್ಟು ತೊಳೆದರೂ ಸ್ವಲ್ಪ ಹೊತ್ತು ಉಂಡದ್ದರ ವಾಸನೆ ಬಿಡದು. ವಾಸನೆ ಇಲ್ಲದಿದ್ದರೆ ಅಕ್ಕ ಬಂದು ತಟ್ಟೆಯ ಮುಂದೆ ಬಾಯಿ ಮುಚ್ಚಿ ಕೂರುತ್ತಿದ್ದಳು. ಅವ್ವ ಬೈಯುತ್ತಿದ್ದಳು, ಹೊಡೆಯಲು ಕೈ ಎತ್ತುತ್ತಿದ್ದಳು, ಕಡೆಗೆ ಬಂದು ಅಕ್ಕನ ತಟ್ಟೆಯಿಂದಲೇ ತುತ್ತು ತಿನ್ನುತ್ತಿದ್ದಳು. ನಾನು ತೀರ ಸಣ್ಣವಳು. ಅದು ಅವರಿಬ್ಬರ ಆಟ ಎಂದುಕೊಂಡು, ನನ್ನ ಪಾಲಿನದು ತಿಂದು ಮಲಗುತ್ತಿದ್ದೆ.

"ಆ ತಾಟು ಇತ್ತ ಕೊಡು" ಎಂದೆ ಕಸ್ತೂರೆವ್ವನಿಗೆ.

"ಯಾಕ್ರಿ ಸಣ್ಣತ್ತಿ?"

"ಕೊಡು."

ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಣ್ಣತೊಡಗಿದೆ. "ಎಂಜಲಾಕೈತ್ರಿ! ಅದು ಅತ್ತೀದು!" ಎಂದಳು ಕಸ್ತೂರೆವ್ವ. ಗದಿಗೆಪ್ಪ ಅಕ್ಕಂದಿರ ಕಡೆ ನೋಡಿದ, ಈ ಮುದುಕಿಗೂ ಏನೋ ಆಯಿತು ಎಂಬ ಹಾಗೆ. ನಾನು ಅವಸರ ಮಾಡಲಿಲ್ಲ. ಅಕ್ಕನ ಮುಖ ಗೋಡೆಯಿಂದ ನಿಧಾನವಾಗಿ ನನ್ನ ಕಡೆ ತಿರುಗಿತು. ತುತ್ತು ಬಾಯಿಗೆ ಹೋಗುವುದನ್ನು, ನಾನು ಅಗಿಯುವುದನ್ನು, ನುಂಗುವುದನ್ನು ನೋಡಿದಳು. ಒಂದು ತುತ್ತಿಗೆ ಅವಳು ಒಪ್ಪುವವಳಲ್ಲ ಎಂಬುದು ಈಗ ನನಗೆ ನೆನಪಿತ್ತು. ತಟ್ಟೆಯ ಅರ್ಧ ಉಂಡೆ. ಹಸಿವೂ ಆಗಿತ್ತು. ಸಾರಿಗೆ ಉಪ್ಪು ಸ್ವಲ್ಪ ಕಡಿಮೆ.

ಕೈ ತೊಳೆಯದೆ ಅವಳ ಮುಂದೆ ಹಿಡಿದೆ. ಅವಳು ಮೂಸಿದಳು. ಬಹಳ ಹೊತ್ತು ಮೂಸಿದಳು. ಆಮೇಲೆ ಬಾಯಿ ತೆರೆದಳು.

ಈರವ್ವ ಮಡಿಸಿದ ಸೀರೆಯನ್ನು ಎದೆಗೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಉಳಿದ ಅರ್ಧ ತಟ್ಟೆಯನ್ನು ನಾನೇ ಉಣಿಸಿದೆ. ಅಕ್ಕ ಒಂದು ಅಗುಳೂ ಬಿಡಲಿಲ್ಲ. ಕಡೆಗೆ ನನ್ನ ಬೆರಳನ್ನೂ ಚೀಪಿದಳು. ಗದಿಗೆಪ್ಪ ಹೊರಗೆ ಹೋಗಿ ಗಾಡಿಯವನ ಮನೆಯ ಕಡೆ ನಡೆದ. ಬರುವಾಗ ಬಾಳೆಹಣ್ಣು ತಂದ.

ಆ ಮನೆಯವರೆಲ್ಲ ತಿರುವಿ ಹಾಕಿದ ಆ ಒಂದು ಮಾತನ್ನು ಕಲಿತರು. ಅದರಿಂದ ಏನೂ ಆಗುತ್ತಿರಲಿಲ್ಲ, ಅಕ್ಕ ಮಾತು ನಂಬುವವಳಲ್ಲ. ಉಂಡ ಕೈಯೇ ಬೇಕು. ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಗೆ ಹೋದರು. ನಾನು ದಿನವೂ ಹೋಗಲಾಗಲಿಲ್ಲ. ಉಳಿದವಳು ಕಸ್ತೂರೆವ್ವ. ಆ ಮನೆಯಲ್ಲಿ ಸೊಸೆ ಎಲ್ಲರದೂ ಆದ ಮೇಲೆ ಉಣ್ಣಬೇಕು. ಗಂಡ, ಮಕ್ಕಳು, ಅತ್ತೆ, ಬಂದವರು, ಆಮೇಲೆ ಆರಿದ್ದು ಅವಳಿಗೆ. ಇದನ್ನು ಕಲಿಸಿದವಳು ಅಕ್ಕನೇ, ಬಹಳ ಬಿಗಿಯಾಗಿ ಕಲಿಸಿದ್ದಳು. ಈಗ ಕಸ್ತೂರೆವ್ವ ಉಂಡು ಕೈ ತೋರಿಸದೆ ಅವಳು ತುತ್ತು ಮುಟ್ಟುತ್ತಿರಲಿಲ್ಲ.

ಬೇಸಿಗೆ ಹಿಡಿಯುವ ಹೊತ್ತಿಗೆ ಒಂದು ದಿನ ಹೋದೆ. ಕಸ್ತೂರೆವ್ವ ಮಂಚದ ಪಕ್ಕ ಕಾಲು ಚಾಚಿ ಕೂತು ಉಣ್ಣುತ್ತಿದ್ದಳು. ಒಲೆಯಿಂದ ಆಗಷ್ಟೇ ಇಳಿದ ರೊಟ್ಟಿ, ಹಬೆ ಏಳುತ್ತಿತ್ತು. ಮುಖ ತುಂಬಿಕೊಂಡಿದ್ದಳು. ಗದಿಗೆಪ್ಪ ಹೊರಗೆ ಕಟ್ಟೆಯ ಮೇಲೆ ತನ್ನ ಸರದಿಗೆ ಕಾಯುತ್ತಿದ್ದ. ಮಂಚದ ಮೇಲಿಂದ ಅಕ್ಕ ಕುಟ್ಟಿದಳು, ಅವ್ವ, ಉಂಡಿ? ಕಸ್ತೂರೆವ್ವ ರೊಟ್ಟಿ ಮುರಿಯುತ್ತ, ಬಾಯಿ ತುಂಬ ತುತ್ತು ಇಟ್ಟುಕೊಂಡೇ, "ತಡೀರಿ ಅತ್ತಿ, ಇನ್ನೂ ಒಂದು ರೊಟ್ಟಿ ಉಣ್ಣೂದೈತಿ" ಎಂದಳು. ಕುಟ್ಟಲಿಲ್ಲ. ಬಾಯಿಬಿಟ್ಟು, ಗುಡ್ಡಕ್ಕೂ ಕೇಳಲಿ ಎನ್ನುವ ಹಾಗೆ ಗಟ್ಟಿಯಾಗಿಯೇ ಹೇಳಿದಳು.